ಕಂಬಿ ಕಿತ್ತ ಕೋಣೆಯಲ್ಲಿ ಬ್ರಿಟನ್ ಗೆದ್ದಿತು

ಆರೋಗ್ಯ ನೀತಿ ಸಂವಾದ ಸಮಿತಿಯ ಅಧ್ಯಕ್ಷರಾದ ಮಾನ್ಯರೇ,

ನಮ್ಮ ಬಡಾವಣೆಯ ಸರ್ಕಾರಿ ಆಸ್ಪತ್ರೆಯ ನೆಲಮಹಡಿಯಲ್ಲಿ, ಪಾರ್ಶ್ವವಾಯು ಬಡಿದವರಿಗೆ ಮತ್ತೆ ನಡೆಯುವುದನ್ನು ಕಲಿಸುವ ಒಂದು ಕೋಣೆ ಇತ್ತು. ಅದರ ನಡುವೆ, ಸೊಂಟದೆತ್ತರದಲ್ಲಿ, ಹಿಡಿದುಕೊಂಡು ಹೆಜ್ಜೆ ಹಾಕಲು ಎರಡು ಉದ್ದನೆಯ ಉಕ್ಕಿನ ಕಂಬಿಗಳಿದ್ದವು. ತಮ್ಮ ಸಮಿತಿ ಆರು ವಾರದ ಹಿಂದೆ ಆ ಕಂಬಿಗಳನ್ನು ಬಿಚ್ಚಿಸಿ, ಅಲ್ಲಿ ವೇದಿಕೆ ಕಟ್ಟಿಸಿ, ‘ಸರ್ಕಾರಿ ವೈದ್ಯವೋ ಖಾಸಗಿ ವೈದ್ಯವೋ: ಜಗತ್ತಿನ ಅನುಭವ’ ಎಂಬ ಚರ್ಚಾಸ್ಪರ್ಧೆಯನ್ನು ಶನಿವಾರಕ್ಕೊಂದು ದೇಶದಂತೆ ನಡೆಸುತ್ತಿದೆ. ಕನ್ನಡದಲ್ಲಿ ‘ಕಂಬಿ ಕಿತ್ತರು’ ಅಂದರೆ ಓಡಿಹೋದರು ಎಂದರ್ಥ. ಇಲ್ಲಿ ಕಂಬಿ ಕಿತ್ತವರು ತಾವು. ಓಡುವುದಿರಲಿ, ನಡೆಯಲೂ ಆಗದೆ ಉಳಿದವರು ರೋಗಿಗಳು. ಆ ಕಂಬಿಗಳು ವಾಪಸ್ ಬೇಕು ಎಂದು ಕೇಳುವುದಕ್ಕೆ ಈ ಪತ್ರ. ಬಹಿರಂಗವಾಗಿ ಯಾಕೆ ಅಂದರೆ, ಅಂತರಂಗವಾಗಿ ಬರೆದ ಮೂರು ಪತ್ರಗಳ ಮೇಲೆ ‘ಸ್ವೀಕರಿಸಲಾಗಿದೆ’ ಎಂಬ ಮೊಹರು ಬಿಟ್ಟರೆ ಬೇರಾವ ದೃಷ್ಟಿಯೂ ಬಿದ್ದಿಲ್ಲ.

ಮೊದಲು ನನ್ನ ತಪ್ಪೊಪ್ಪಿಗೆ. ತಮ್ಮ ಮೊದಲ ಶನಿವಾರದ ತೀರ್ಪುಗಾರ ನಾನೇ. ವಿಜಯನಗರದ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ, ಸಮಾರಂಭಗಳಲ್ಲಿ ಕರೆದವರನ್ನು ನಗಿಸುತ್ತೇನೆ, ಚರ್ಚಾಸ್ಪರ್ಧೆಗಳಲ್ಲಿ ಗಂಟೆ ಬಾರಿಸುತ್ತೇನೆ. ಅಂದು ಬ್ರಿಟನ್ನಿನ ಸರದಿ. ಸೌಮ್ಯಶ್ರೀ ಎಂಬ ಹುಡುಗಿ ಪರವಾಗಿ ಮಾತಾಡಿದಳು. ತೆರಿಗೆಯಿಂದ ನಡೆಯುವ ಆಸ್ಪತ್ರೆ, ರೋಗಿ ಬಂದಾಗ ಜೇಬು ನೋಡದ ಬಾಗಿಲು, ಬಾಗಿಲು ತೆರೆದಿರುವುದೇ ನಾಗರಿಕ ದೇಶದ ಲಕ್ಷಣ ಅಂದಳು. ಎದುರು ಪಕ್ಷದ ಹುಡುಗ, ಬಾಗಿಲೇನೋ ತೆರೆದಿದೆ, ಆದರೆ ಒಳಗೆ ಹೋಗಲು ಅಲ್ಲಿ ತಿಂಗಳುಗಟ್ಟಲೆ ಕಾಯುತ್ತಾರೆ ಅಂದ. ಇಬ್ಬರೂ ಸರಿಯಾಗಿಯೇ ಮಾತಾಡಿದರು. ನಾನು ಸೌಮ್ಯಶ್ರೀಗೆ ಮೊದಲ ಬಹುಮಾನ ಕೊಟ್ಟೆ. ಎದುರಿನ ಗೋಡೆಯ ತುಂಬಾ ಒಂದು ದೊಡ್ಡ ಕನ್ನಡಿ ಇತ್ತು. “ಸರ್ಕಾರಿ ಕಟ್ಟಡದಲ್ಲಿ ಭಾಷಣಕಾರ ತನ್ನ ಮುಖ ತಾನೇ ನೋಡಿಕೊಂಡು ಮಾತಾಡುವ ಏರ್ಪಾಡು ಇದೇ ಮೊದಲು” ಅಂದೆ. ತಾವೂ ನಕ್ಕಿರಿ. ಚಪ್ಪಾಳೆ ಜೋರಾಗಿಯೇ ಬಿತ್ತು.

ಶ್ರೀಗಂಧದ ಕಾವಲ್‌ನ ನಮ್ಮ ಮನೆಗೆ ಬಂದು ಇದನ್ನೆಲ್ಲ ನನ್ನ ಅಕ್ಕನಿಗೆ ಹೇಳಿದೆ. ಅಕ್ಕನ ಹೆಸರು ನೀಲಗಂಗಮ್ಮ. ಊರು ರಾಣೆಬೆನ್ನೂರು, ಭಾವ ತೀರಿಕೊಂಡ ಮೇಲೆ ಹದಿನಾಲ್ಕು ವರ್ಷದಿಂದ ನಮ್ಮ ಜೊತೆಗಿದ್ದಾಳೆ. ಅವಳಿಗೆ ಆಗ ಪಾರ್ಶ್ವವಾಯು ಬಡಿದು ಒಂದು ತಿಂಗಳಾಗಿತ್ತು, ಬಲಗಡೆ ಪೂರ್ತಿ. ಅವಳು ಎಲ್ಲ ಕೇಳಿಸಿಕೊಂಡು, “ದೊಡ್ಡ ಕನ್ನಡಿ ಅಂದ್ಯಲ್ಲ, ಅದರ ಬಲಗಡಿ ಮೂಲಿ ಒಡದೈತೇನು?” ಅಂದಳು.

“ಹೌದು. ನಿನಗೆ ಹೇಗೆ ಗೊತ್ತು?”

“ಅದು ನಾವು ನಡಿಯೋ ಕೋಣಿ ನೋಡು, ತಮ್ಮಾ. ರಿಪೇರಿ ಐತಿ ಅಂತ ಬೋರ್ಡ್ ಹಾಕ್ಯಾರಲ್ಲ.”

ಅಕ್ಕನನ್ನು ದಿನಾ ಆಟೋದಲ್ಲಿ ಕರೆದೊಯ್ಯುತ್ತಿದ್ದವಳು ನನ್ನ ಹೆಂಡತಿ ಶಿವರಂಜನಿ. ಹನ್ನೊಂದು ದಿನ ಹೋಗಿದ್ದರು. ಹನ್ನೆರಡನೆಯ ದಿನ ಬಾಗಿಲಿಗೆ ‘ದುರಸ್ತಿಯಲ್ಲಿದೆ’ ಎಂಬ ಬೋರ್ಡು ಕಂಡು ವಾಪಸ್ ಬಂದಿದ್ದರು. ನಾನು ಆ ಕೋಣೆಗೆ ಅಲ್ಲಿಯವರೆಗೆ ಕಾಲಿಟ್ಟಿರಲಿಲ್ಲ. ಇಟ್ಟ ಮೊದಲ ದಿನ ಶಾಲು, ಹಣ್ಣಿನ ಬುಟ್ಟಿ ಎರಡೂ ಸಿಕ್ಕವು. ಅಕ್ಕನಿಗೆ ಆದದ್ದು ಪಕ್ಷವಾತ. ನಾನು ಪಕ್ಷಪಾತವಿಲ್ಲದ ತೀರ್ಪುಗಾರ ಎಂದು ತಮ್ಮ ನಿರೂಪಕರು ಪರಿಚಯ ಮಾಡಿಕೊಟ್ಟಿದ್ದರು. ಎರಡನೆಯ ಶನಿವಾರವೂ ಹೋದೆ. ಗೊತ್ತಿದ್ದೂ ಹೋದೆ. ಆಹ್ವಾನ ಪತ್ರಿಕೆಯಲ್ಲಿ ಹೆಸರು ಅಚ್ಚಾಗಿತ್ತು ಎಂಬುದು ಬಿಟ್ಟರೆ ನನ್ನ ಹತ್ತಿರ ಕಾರಣವಿಲ್ಲ. ಅಂದು ಜರ್ಮನಿ ಸೋತಿತು.

ಆ ಸೋಮವಾರ ಮತ್ತೆ ಹೋಗಿ ನೋಡಿದೆ. ವೇದಿಕೆಯ ಕೆಂಪು ಜಮಖಾನದ ಅಂಚಿನಲ್ಲಿ ನಾಲ್ಕು ತೂತು ಕಾಣುತ್ತಿದ್ದವು; ಕಂಬಿಯ ಕಾಲುಗಳನ್ನು ನೆಲಕ್ಕೆ ಬಿಗಿದಿದ್ದ ಜಾಗ. ವ್ಯಾಯಾಮ ಮಾಡಿಸುವ ರಮ್ಯಶ್ರೀ ಎಂಬ ಹುಡುಗಿ ಔಷಧದ ಕೌಂಟರಿನ ಪಕ್ಕದ ಕಾರಿಡಾರಿನಲ್ಲಿ, ಒಂದು ಬೆಂಚಿನ ಮೇಲೆ ಮುದುಕರೊಬ್ಬರ ಮೊಣಕಾಲು ಮಡಿಸಿ ಬಿಡಿಸುತ್ತಿದ್ದಳು. “ಕೂರಿಸಿ ಮಾಡಿಸೋದೆಲ್ಲ ಮಾಡಿಸ್ತಾ ಇದೀನಿ ಸಾರ್. ನಡೆಸೋಕೆ ಮಾತ್ರ ಆಗಲ್ಲ. ಬಿದ್ರೆ ಯಾರು ಹೊಣೆ?” ಅಂದಳು. “ಕಂಪ್ಲೇಂಟ್ ಕೊಡಮ್ಮ” ಅಂದೆ. “ನಾನು ಕಾಂಟ್ರಾಕ್ಟ್ ಸಾರ್” ಅಂದಳು. ಮತ್ತೆ ಮುದುಕರ ಮೊಣಕಾಲು ಹಿಡಿದಳು.

ಉಗ್ರಾಣದ ಗುಮಾಸ್ತ ನಾಗೇಂದ್ರ ಅವರದು ಬಹಳ ಸಭ್ಯ ಸ್ವಭಾವ. ಕುರ್ಚಿ ಹಾಕಿ ಕೂರಿಸಿದರು. “ಕಂಬಿ ಎಲ್ಲೂ ಹೋಗಿಲ್ಲ ಸಾರ್, ಭದ್ರವಾಗಿದೆ. ನಿಮ್ ಪ್ರೋಗ್ರಾಂ ಮುಗಿದ ತಕ್ಷಣ ಹಾಕಿಸ್ಬಿಡ್ತೀವಿ.”

“ಯಾವಾಗ ಮುಗಿಯುತ್ತೆ?”

“ದೇಶ ಮುಗಿದ ಮೇಲೆ ಸಾರ್. ಮೊದಲು ಆರೇ ದೇಶ ಅಂದಿದ್ರು. ರೆಸ್ಪಾನ್ಸ್ ಚೆನ್ನಾಗಿದೆ ಅಂತ ಹನ್ನೆರಡು ಮಾಡವ್ರೆ.”

ಮಾನ್ಯರೇ, ಕಂಬಿಗಳು ಇದ್ದಾಗ ಆ ಕೋಣೆಯಲ್ಲಿ ಏನು ನಡೆಯುತ್ತಿತ್ತು ಎಂದು ತಮ್ಮ ವರದಿಗೆ ಬೇಕಾದೀತು. ಒಬ್ಬರು ಕಂಬಿ ಹಿಡಿದು ನಡೆಯುವಾಗ, ಗೋಡೆಯ ಪಕ್ಕ ಕೂತು ಸರದಿ ಕಾಯುವವರೆಲ್ಲ ಸೇರಿ ಹೆಜ್ಜೆ ಎಣಿಸುತ್ತಿದ್ದರಂತೆ. ಯಾರೂ ಹೇಳಿಕೊಟ್ಟದ್ದಲ್ಲ. ಮಾತು ಬಿದ್ದುಹೋದವರು ಬೆರಳು ಎತ್ತುತ್ತಿದ್ದರು. ಅಕ್ಕನ ಜೊತೆಗಾತಿ ಲಗ್ಗೆರೆಯ ಹನುಮಕ್ಕ, ಅವರಿಗೆ ಎಡಗಡೆ ಹೋಗಿದೆ. “ನಿನ್ನ ಎಡಗಾಲು ನಂಗ್ ಕೊಡವ್ವ, ಇಲ್ಲಾ ನನ್ನ ಬಲಗಾಲು ನೀನ್ ತಗೋ. ಒಬ್ರಾದ್ರೂ ಮನೆಗೆ ನಡ್ಕೊಂಡ್ ಹೋಗಣ” ಎಂದು ಅಕ್ಕನಿಗೆ ದಿನಾ ಹೇಳುತ್ತಿದ್ದರಂತೆ. ಅಕ್ಕ ಹನ್ನೊಂದು ದಿನದಲ್ಲಿ ಒಂಬತ್ತು ಹೆಜ್ಜೆಗೆ ಬಂದಿದ್ದಳು. ಮೊದಲ ಮೂರು ತಿಂಗಳಲ್ಲಿ ಬರುವ ಚಲನೆ ಬೇಗ ಬರುತ್ತದೆ, ಆಮೇಲಿನದು ನಿಧಾನ, ಬರಲೂಬಹುದು ಬರದೆಯೂ ಇರಬಹುದು ಎಂದು ಡಾಕ್ಟರು ನಮಗೆ ಬಿಡಿಸಿ ಹೇಳಿದ್ದಾರೆ. ಆ ಮೂರು ತಿಂಗಳಲ್ಲಿ ಇನ್ನು ಉಳಿದಿರುವುದು ಎರಡೂವರೆ ವಾರ.

‘ಹಾಗಾದರೆ ಖಾಸಗಿಗೆ ಹೋಗಬಹುದಿತ್ತಲ್ಲ’ ಎಂದು ತಮ್ಮ ಸ್ಪರ್ಧಿಗಳಲ್ಲಿ ಅರ್ಧದಷ್ಟು ಮಂದಿ ಕೇಳಿಯಾರು. ಹೋದೆವು. ಬಸವೇಶ್ವರನಗರದಲ್ಲಿ ಒಳ್ಳೆಯ ಕ್ಲಿನಿಕ್ಕು. ಕಂಬಿ ಇದೆ, ತಂಪು ಗಾಳಿ ಇದೆ, ಹೆಜ್ಜೆ ಎಣಿಸುವುದಕ್ಕೆ ಯಂತ್ರವೇ ಇದೆ. ಕಲಿಸುವವರೂ ಒಳ್ಳೆಯವರು. ಆದರೆ ಅದು ಒಂದು ಬೇಕರಿಯ ಮೇಲೆ, ಮೊದಲ ಮಹಡಿಯಲ್ಲಿದೆ. ಲಿಫ್ಟ್ ಇಲ್ಲ. ನಡೆಯಲು ಬಾರದವರಿಗೆ ನಡೆಯುವುದನ್ನು ಕಲಿಸುವ ಸಂಸ್ಥೆಯನ್ನು ಇಪ್ಪತ್ತೊಂದು ಮೆಟ್ಟಿಲಿನ ಮೇಲೆ ಇಟ್ಟವರ ಆಡಳಿತ ಪ್ರತಿಭೆಯನ್ನು ಯಾವ ದೇಶದ ಪಟ್ಟಿಗೆ ಸೇರಿಸುತ್ತೀರೋ ತಿಳಿಯದು. ಸೆಕ್ಯುರಿಟಿಯವರೂ ಬೇಕರಿಯ ಭೈರೇಶ್ ಎಂಬುವರೂ ಅಕ್ಕನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹತ್ತಿಸಿದರು. “ಹಗುರಾಗಿದೀರ ಆಂಟಿ, ಹೆದರ್ಕೋಬೇಡಿ” ಎಂದು ಭೈರೇಶ್ ಸಮಾಧಾನ ಹೇಳುತ್ತಿದ್ದರು. ಅಕ್ಕ ಕಣ್ಣು ಮುಚ್ಚಿಕೊಂಡಿದ್ದಳು. ಮೂರು ದಿನ ಹಾಗಾಯಿತು. ನಾಲ್ಕನೆಯ ದಿನ ಆಟೋ ಬಂದು ನಿಂತರೂ ಅವಳು ಮಂಚ ಬಿಟ್ಟು ಏಳಲಿಲ್ಲ. “ನನ್ನ ಎತ್ತಿಕೊಂಡು ಹೋಗಾಕ ಒಂದು ದಿನ ಐತಿ ಶಿವರಂಜನಿ. ಅದು ಇವತ್ತಲ್ಲ” ಅಂದಳಂತೆ. ಹೆಂಡತಿ ಇದನ್ನು ಹೇಳುವಾಗ ನಗುತ್ತಿದ್ದಳು.

ಹೀಗಾಗಿ ನನ್ನ ಅನುಭವದ ಮಟ್ಟಿಗೆ ಸರ್ಕಾರಿಯಲ್ಲಿ ನೆಲ ಇದೆ, ಕಂಬಿ ಇಲ್ಲ. ಖಾಸಗಿಯಲ್ಲಿ ಕಂಬಿ ಇದೆ, ನೆಲವೇ ಮಾಳಿಗೆ ಹತ್ತಿದೆ. ಇದರಿಂದ ಒಂದು ನಿಲುವಿಗೆ ಬರಬೇಕು ಎಂದು ತಾವು ಸ್ಪರ್ಧೆಯಲ್ಲಿ ಎಲ್ಲರಿಗೂ ಹಂಚುವ ಪ್ರಶ್ನಾವಳಿಯ ಕೊನೆಯ ಅಂಕಣ ಕೇಳುತ್ತದೆ. ನಮ್ಮ ಮನೆಯಲ್ಲಿ ಸದ್ಯಕ್ಕೆ ಬೇಕಾಗಿರುವುದು ನಿಲುವಲ್ಲ, ನಿಲ್ಲುವುದು. ಬ್ರಿಟನ್ನಿನಲ್ಲಿ ಕಾಯುವವರು ಕಾಯಲಿ, ಅಮೆರಿಕದಲ್ಲಿ ವಿಮೆಯ ಕಾಗದ ಹಿಡಿದು ಅಲೆಯುವವರು ಅಲೆಯಲಿ, ಕೆನಡಾ, ಕ್ಯೂಬಾ, ಥಾಯ್ಲೆಂಡ್ ಎಲ್ಲದರಲ್ಲೂ ಕಲಿಯುವುದು ಇದ್ದೇ ಇದೆ. ಚರ್ಚೆ ಬೇಡ ಎಂದು ನಾನು ಹೇಳಿದರೆ ನನ್ನ ಅನ್ನಕ್ಕೆ ನಾನೇ ಕಲ್ಲು ಹಾಕಿಕೊಂಡಂತೆ. ಕೇಳುವುದು ಇಷ್ಟೇ: ಸರ್ಕಾರಿ ಚಿಕಿತ್ಸೆ ಮೇಲೆಂದು ಸಾಧಿಸುವುದಕ್ಕೆ ನಡೆಯುತ್ತಿದ್ದ ಒಂದು ಸರ್ಕಾರಿ ಚಿಕಿತ್ಸೆಯನ್ನು ನಿಲ್ಲಿಸಲೇಬೇಕಿತ್ತೇ? ಆ ಕೋಣೆಯನ್ನೇ ಯಾಕೆ ಆರಿಸಿದಿರಿ ಎಂದು ವಿಚಾರಿಸಿದೆ. ನೆಲಮಹಡಿ, ಇಳಿಜಾರು ದಾರಿ, ಅತಿಥಿಗಳಿಗೆ ಮೆಟ್ಟಿಲು ಹತ್ತುವ ಶ್ರಮವಿಲ್ಲ ಎಂಬ ಉತ್ತರ ಬಂತು. ಅದೇ ಕಾರಣಕ್ಕೆ ಯಾರೋ ಪುಣ್ಯಾತ್ಮರು ಅದನ್ನು ರೋಗಿಗಳಿಗೆ ಕೊಟ್ಟಿದ್ದರು.

ಕೋಪ ಬರಬೇಕಿತ್ತು. ಹಾಸ್ಯ ಮಾಡುವವನಿಗೆ ಕೋಪ ಒಳ್ಳೆಯ ಬಂಡವಾಳ. ಬರುತ್ತಿಲ್ಲ. ರಮ್ಯಶ್ರೀ ಮೊದಲ ದಿನ ಅಕ್ಕನ ಪಾದಕ್ಕೆ ಪಿನ್ನು ತಾಗಿಸಿ ಗೊತ್ತಾಗುತ್ತಾ ಎಂದು ಕೇಳಿದ್ದಕ್ಕೆ, “ಯಾರಿಗೋ ಚುಚ್ಚಿದಂಗ ಆತವ್ವ, ನನಗಲ್ಲ” ಅಂದಿದ್ದಳಂತೆ ಅಕ್ಕ. ತಮ್ಮ ಆಹ್ವಾನ ಪತ್ರಿಕೆ ಬಂದಾಗಲೆಲ್ಲ ನನಗೂ ಅಷ್ಟೇ ಆಗುತ್ತದೆ. ಮುಂದಿನದು ಜಪಾನ್ ಎಂದು ಓದಿ ಟೀವಿಯ ಮೇಲೆ ಇಟ್ಟಿದ್ದೇನೆ.

ಈಗ ಬೇಡಿಕೆ. ಬರುವ ಸೋಮವಾರ ಬೆಳಿಗ್ಗೆಯೊಳಗೆ ವೇದಿಕೆ ತೆಗೆಸಿ, ಕಂಬಿಗಳನ್ನು ಅದೇ ನಾಲ್ಕು ತೂತಿಗೆ ಕೂರಿಸಿ. ಪೀಣ್ಯದ ವರ್ಕ್‌ಶಾಪಿನ ಮೋಹನ್ ಕುಮಾರ್ ಎಂಬ ನನ್ನ ಹಳೆಯ ವಿದ್ಯಾರ್ಥಿ ಭಾನುವಾರ ಬಂದು ಒಂದು ಗಂಟೆಯಲ್ಲಿ ಬಿಗಿದುಕೊಡಲು ಒಪ್ಪಿದ್ದಾನೆ. ಉಗ್ರಾಣದ ಬೀಗ ತೆಗೆಯುವುದಕ್ಕೆ ತಮ್ಮ ಒಂದು ಸಹಿ ಸಾಕು. ಉಳಿದ ಆರು ದೇಶಗಳಿಗೆ ನಮ್ಮ ಕಾಲೇಜಿನ ಸಭಾಂಗಣ ಖಾಲಿ ಇದೆ, ಪ್ರಿನ್ಸಿಪಾಲರು ಒಪ್ಪಿದ್ದಾರೆ. ಅದು ಎರಡನೆಯ ಮಹಡಿಯಲ್ಲಿದೆ. ಸ್ಪರ್ಧಿಗಳೂ ಅತಿಥಿಗಳೂ ಹತ್ತಬಲ್ಲರು, ನಾನು ಗಮನಿಸಿದ್ದೇನೆ. ತೀರ್ಪಿಗೆ ಮಾತ್ರ ಬೇರೆಯವರನ್ನು ನೋಡಿಕೊಳ್ಳಿ.

ಇಷ್ಟು ಅವಸರ ಯಾಕೆಂದರೆ, ಹೋದ ವಾರದಿಂದ ಅಕ್ಕ ವ್ಯಾಯಾಮದ ಮಾತೇ ಎತ್ತುತ್ತಿಲ್ಲ. ಮೊನ್ನೆ ನಾನು ಕಾಲೇಜಿನಿಂದ ಬಂದಾಗ ಗಾರೆ ಕೆಲಸದ ಈರಪ್ಪ ನಮ್ಮ ಅಡುಗೆಮನೆಯಲ್ಲಿ ಟೇಪು ಹಿಡಿದು ಅಳತೆ ತೆಗೆದುಕೊಳ್ಳುತ್ತಿದ್ದರು. ಅಕ್ಕನೇ ಫೋನು ಮಾಡಿಸಿ ಕರೆಸಿದ್ದಳು. ಅಡುಗೆಯ ಕಟ್ಟೆ ಒಡೆದು, ಕುರ್ಚಿಯಲ್ಲಿ ಕೂತವರ ಕೈಗೆಟುಕುವಷ್ಟು ತಗ್ಗಿಸಬೇಕಂತೆ.

“ಇನ್ನ ಕುಂತೇ ಮಾಡೋದಲ್ಲ ತಮ್ಮಾ, ಅನುಕೂಲ ಆಕ್ಕತಿ” ಅಂದಳು. ಬೇಸರದಿಂದಲ್ಲ, ಖುಷಿಯಾಗಿಯೇ ಅಂದಳು. ಈರಪ್ಪನವರು ಸೋಮವಾರ ಹತ್ತು ಗಂಟೆಗೆ ಸುತ್ತಿಗೆ ತರುತ್ತಾರೆ. ಅವರನ್ನು ಬರಬೇಡಿ ಅನ್ನಲೇ, ಬನ್ನಿ ಅನ್ನಲೇ, ಭಾನುವಾರ ಸಂಜೆಯೊಳಗೆ ತಿಳಿಸಿ.

ಇಂತಿ,
ಎರಡು ದೇಶಗಳಿಗೆ ಅಂಕ ಹಾಕಿ, ಒಂದು ಕೋಣೆಯನ್ನು ನೋಡದೆ ಹೋದ
ಪಂಚಾಕ್ಷರಿ
ಶ್ರೀಗಂಧದ ಕಾವಲ್