ಕಟ್ಟು ಬಿಚ್ಚಿದ ದಿನ

ಮಂಗಳವಾರ, ಸಂಜೆ

ಪ್ರೀತಿಯ ಅಕ್ಕ,

ಇವತ್ತು ಬೆಳಿಗ್ಗೆ ಆಫೀಸಿನ ಕಿಟಕಿಯಾಚೆ ಒಂದು ಪಾರಿವಾಳ ನಾಲ್ಕು ಕಡ್ಡಿಗಳನ್ನು ಅಡ್ಡಾದಿಡ್ಡಿ ಇಟ್ಟು, ಅದನ್ನೇ ಗೂಡೆಂದು ನಂಬಿ ಕೂತಿತ್ತು. ನೀನಿದ್ದಿದ್ದರೆ ನಗುತ್ತಿದ್ದೆ. ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆದಿಲ್ಲ, ಬೈಯಬೇಡ. ದಿನವಿಡೀ ಎದುರಿಗಿದ್ದವರ ಮುಖ ನೋಡಿ ಮಾತಾಡಲು ಹೆಣಗಿ ಮನೆಗೆ ಬರುವಷ್ಟರಲ್ಲಿ ನನ್ನೊಳಗೆ ಒಂದು ಮಾತೂ ಉಳಿದಿರುವುದಿಲ್ಲ. ಅಮ್ಮ ಊಟಕ್ಕೆ ಕರೆದರೂ ತಲೆಯಾಡಿಸುತ್ತೇನೆ, ಅಷ್ಟೆ. ಅವಳ ಮಂಡಿನೋವು ಹಾಗೇ ಇದೆ.

ದಾದಿಯಮ್ಮನ ಪುಸ್ತಕ ಅಚ್ಚಾಗಿ ಬಂತು. ಅದೇ, ಜೀವನವೆಲ್ಲ ಆಸ್ಪತ್ರೆಯಲ್ಲಿ ದುಡಿದು, ನಿವೃತ್ತಿಯಾದ ಮೇಲೆ ತಮ್ಮ ವಾರ್ಡುಗಳ ಕಥೆ ಬರೆದರೆಂದು ಹೇಳಿದ್ದೆನಲ್ಲ, ಅವರದ್ದು. ಅದರ ಸಾಲುಸಾಲನ್ನೂ ತಿದ್ದಿದವಳು ನಾನು. ಫೋನಿನಲ್ಲಿ ಮಾತು ಬರದ ನಾನು ಚೀಟಿಯಲ್ಲಿ ಪ್ರಶ್ನೆ ಬರೆದು ಕಳಿಸುತ್ತಿದ್ದೆ. ಅವರು ಅದರ ಬೆನ್ನಿಗೇ ಉತ್ತರ ಬರೆಯುತ್ತಿದ್ದರು. ಒಮ್ಮೆ, "ನೀನ್ಯಾರೋ ಗೊತ್ತಿಲ್ಲಮ್ಮ, ಆದ್ರೆ ನಾನು ಬರೀದೇ ಬಿಟ್ಟಿದ್ದೂ ನಿನಗೆ ಕೇಳ್ಸತ್ತೆ" ಎಂದು ಬರೆದಿದ್ದರು. ಆ ಚೀಟಿಯನ್ನು ಎಷ್ಟು ಸಲ ಓದಿದೆನೋ.

ನಮ್ಮ ಪ್ರಕಾಶನದಲ್ಲಿ ಒಂದು ರೂಢಿ. ಪ್ರೆಸ್ಸಿನಿಂದ ಹೊಸ ಪುಸ್ತಕದ ಮೊದಲ ಕಟ್ಟು ಬಂದಾಗ, ಅದನ್ನು ತಿದ್ದಿದವರೇ ದಾರ ಕತ್ತರಿಸಿ ಮೊದಲ ಪ್ರತಿಯನ್ನು ಲೇಖಕರ ಕೈಗಿಡಬೇಕು. ನಾನು ಬೆಳಿಗ್ಗೆಯಿಂದ ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡಿದ್ದೆ: ಕತ್ತರಿ, ದಾರ, ಪುಸ್ತಕ, ನಮಸ್ಕಾರ. ಆದರೆ ಯಜಮಾನರು ಕತ್ತರಿಯನ್ನು ನನ್ನ ಪಕ್ಕದ ಮೇಜಿನವಳಿಗೆ ಕೊಟ್ಟರು.

"ಫೋಟೋದವರು ಬಂದಿದ್ದಾರೆ ಕಣಮ್ಮ. ನೀನು ಮುಖ ಗಂಟು ಹಾಕ್ಕೊಂಡ್ರೆ ಪುಸ್ತಕ ಯಾರು ಕೊಳ್ತಾರೆ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಎಲ್ಲರೂ ನಕ್ಕಾಗ ನಗಬೇಕೆಂದು ಕಲಿತಿದ್ದೇನೆ.

ಪಕ್ಕದ ಮೇಜಿನವಳು ಕೆಟ್ಟವಳಲ್ಲ. ನನ್ನನ್ನು ಗುಮ್ಮನಗುಸುಕ ಎಂದು ಛೇಡಿಸಿದರೂ ಕಾಫಿ ತಂದಿಡುತ್ತಾಳೆ. ದಾದಿಯಮ್ಮ ಪುಸ್ತಕ ತೆಗೆದುಕೊಂಡು, "ನಂಗೆ ಚೀಟಿ ಬರೀತಿದ್ದ ಹುಡುಗಿ ಎಲ್ಲಿ?" ಎಂದು ಕೇಳಿದಾಗ, "ಅಯ್ಯೋ, ಅದು ನಾವೆಲ್ಲ ಸೇರಿ ಮಾಡಿದ್ದಮ್ಮ" ಎಂದಳು. ನಾನು ಬಾಗಿಲ ಪಕ್ಕದಲ್ಲೇ ನಿಂತಿದ್ದೆ. ದಾದಿಯಮ್ಮ ಕೋಣೆಯನ್ನೆಲ್ಲ ಒಮ್ಮೆ ನೋಡಿದರು, ನನ್ನನ್ನೂ ನೋಡಿದರು, ಆಟೋ ಕಾಯುತ್ತಿದೆ ಎಂದು ಹೊರಟುಹೋದರು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು, ಬಹಳ ಹೊತ್ತು ಕೈಗಳನ್ನು ನೀರಿನಡಿ ಹಿಡಿದುಕೊಂಡಿದ್ದೆ.

ಮಧ್ಯಾಹ್ನ ಯಜಮಾನರು ಒಳಗೆ ಕರೆದರು. ಸಹಾಯಕ ಸಂಪಾದಕಿಯ ಹುದ್ದೆ ಪಕ್ಕದ ಮೇಜಿನವಳಿಗಂತೆ. ಅರ್ಜಿ ಹಾಕುವ ಮುಂಚೆಯೇ ನಿನಗೆ ಬರೆದಿದ್ದೆ, ನೆನಪಿದೆಯಾ? ಬೇರೆ ಯಾರಿಗೂ, ಅಮ್ಮನಿಗೂ, ಅದರ ಆಸೆಯನ್ನು ಹೇಳಿರಲಿಲ್ಲ.

"ನಿನ್ನ ಕೆಲಸಕ್ಕೆ ಹೆಸರಿಡೋ ಹಾಗಿಲ್ಲ. ಆದ್ರೆ ಆ ಜಾಗದಲ್ಲಿ ಕೂತವರು ನಾಲ್ಕು ಜನರ ಜೊತೆ ಬೆರೀಬೇಕು. ಫೋನ್ ಬಡ್ಕೊಂಡ್ರೆ ಬೆಚ್ಚಿ ಬೀಳ್ತೀಯಲ್ಲಮ್ಮ ನೀನು" ಎಂದರು ಯಜಮಾನರು.

ನನಗೆ ಆಟಿಸಂ ಇದೆ, ಆತಂಕಕ್ಕೆ ಮಾತ್ರೆ ತೆಗೆದುಕೊಳ್ಳುತ್ತೇನೆ ಎಂದು ಅವರಿಗೆ ನಾನೇ ಹೇಳಿದ್ದು. ಕೇಳಿದ್ದು ಇಷ್ಟೇ: ಪುಸ್ತಕ ಪ್ಯಾಕ್ ಮಾಡುವ ಟೇಪಿನ ಚರ್ರೆನ್ನುವ ಸದ್ದಿನಿಂದ ದೂರ ಒಂದು ಕುರ್ಚಿ, ಲೇಖಕರ ಜೊತೆ ಫೋನಿನ ಬದಲು ಪತ್ರ. ಕುರ್ಚಿ ಸಿಗಲಿಲ್ಲ. ಅಂದಿನಿಂದ ಅವರು ನನ್ನ ಹತ್ತಿರ ಒಂದೊಂದೇ ಪದ ಬಿಡಿಸಿ, ಗಟ್ಟಿಯಾಗಿ ಮಾತಾಡುತ್ತಾರೆ, ನಾನು ಕಿವುಡಿ ಎನ್ನುವಂತೆ. ಆದರೆ ಕಷ್ಟದ ಹಸ್ತಪ್ರತಿಗಳೆಲ್ಲ ನನ್ನ ಮೇಜಿಗೇ ಬರುತ್ತವೆ. ನಾಳೆಗೂ ಒಂದು ಬಂದು ಕೂತಿದೆ. ತೆರೆಯಲು ಕೈ ಏಳುತ್ತಿಲ್ಲ.

ಭಾವನಿಗೆ ನಮಸ್ಕಾರ ಹೇಳು. ಮಗುವಿಗೆ ಹಲ್ಲು ಬಂತಾ? ಅವಳು ಬಾಯ್ತುಂಬಾ ಮಾತಾಡುವಂತಾಗಲಿ, ಅವಳ ಮಾತನ್ನು ಕೇಳಿಸಿಕೊಳ್ಳುವವರು ಸದಾ ಅವಳ ಹತ್ತಿರವಿರಲಿ. ಚಿಕ್ಕಮ್ಮನ ಹಾರೈಕೆ ಇದು.

ನಿನ್ನ ತಂಗಿ,
ಚಿನ್ನಿ

ಮತ್ತೆ: ಇದನ್ನು ಬರೆಯಲೋ ಬೇಡವೋ ಎಂದು ಲಕೋಟೆ ಹಿಡಿದು ಕೂತಿದ್ದೆ. ನಾನು ಎದ್ದು ಬರುವಾಗ ಯಜಮಾನರು ಸಮಾಧಾನ ಮಾಡಲೆಂದು ಹೇಳಿದರು: "ನನ್ನ ಮೇಲೆ ಬೇಜಾರು ಮಾಡ್ಕೋಬೇಡ. ನಿಮ್ಮಕ್ಕನೇ ಫೋನ್ ಮಾಡಿದ್ರು. ಆ ಹುದ್ದೆ ಅವಳಿಗೆ ಕೊಡಬೇಡಿ ಸಾರ್, ತಡ್ಕೊಳ್ಳಲ್ಲ ಅಂತ ಅತ್ತುಬಿಟ್ರು. ಒಡಹುಟ್ಟಿದವರಿಗಿಂತ ಹೆಚ್ಚು ನಂಗೆ ಗೊತ್ತಾ?"

ನೀನು ಪ್ರೀತಿಯಿಂದಲೇ ಮಾಡಿದ್ದೀಯ, ಗೊತ್ತು. ಹೊರಗಿನವರು ನನ್ನನ್ನು ಹಗುರವಾಗಿ ತೂಗಿದಾಗಲೆಲ್ಲ, ನಿನ್ನ ತಕ್ಕಡಿಯೊಂದಾದರೂ ಸರಿಯಾಗಿದೆ ಎಂದುಕೊಳ್ಳುತ್ತಿದ್ದೆ. ಜಗಳವಾಡುವುದಿಲ್ಲ ಅಕ್ಕ. ಕಾಗದವನ್ನೂ ನಿಲ್ಲಿಸುವುದಿಲ್ಲ. ಬಿಸಿಲು, ಮಳೆ, ಅಮ್ಮನ ಔಷಧಿ ಎಲ್ಲ ಬರೆಯುತ್ತೇನೆ. ನನಗೆ ಏನು ಬೇಕು ಎಂಬುದನ್ನು ಮಾತ್ರ ಇನ್ನು ನಿನಗೂ ಬರೆಯುವುದಿಲ್ಲ.