ಸಹಿಯಿಲ್ಲದ ದೂರು

ಕೆಂಪಾಪುರ, ಹೆಬ್ಬಾಳ
೨೧ ನವೆಂಬರ್ ೨೦೨೪, ಗುರುವಾರ

ಪ್ರೀತಿಯ ಅಕ್ಕಾ,

ಇವತ್ತು ಬೆಳಿಗ್ಗೆ ಪಕ್ಕದ ಮನೆಯ ದಾನವ್ವ ರೊಟ್ಟಿ ಬಡಿಯುವ ಕಲ್ಲಿನ ಕೆಳಗೆ ಹಳೇ ಸೀರೆಗಳ ಕೌದಿ ಮಡಿಚಿ ಇಟ್ಟಿರುವುದನ್ನು ಕಂಡೆ. ಆ ವಿಷಯ ಆಮೇಲೆ. ಮೊದಲು ನೀನು ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತೇ? ಪಾಪು ಹಗಲೆಲ್ಲ ಮಲಗಿ ರಾತ್ರಿ ನಿಮ್ಮನ್ನು ಎಬ್ಬಿಸುತ್ತದಂತೆ, ಅವ್ವ ಫೋನಿನಲ್ಲಿ ಹೆಮ್ಮೆಯಿಂದ ದೂರಿದಳು. ನನ್ನ ಎದೆಯ ಗಾಯ ಒಣಗುತ್ತಿದೆ. ಹೃದಯದ ಕವಾಟ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದರು ಡಾಕ್ಟರು. ಕೆಮ್ಮು ಬಂದಾಗ ಮಾತ್ರ ಈಗಲೂ ದಿಂಬು ಅಪ್ಪಿಕೊಳ್ಳಬೇಕು.

ಅವ್ವ ನಿನ್ನ ಹೆರಿಗೆಗೆಂದು ಹೊರಟು, ನನ್ನನ್ನು ಬಿಟ್ಟು ಹೋಗಲಾರದೆ ಬಾಗಿಲಲ್ಲಿ ನಿಂತಿದ್ದಾಗ, “ಒಬ್ಬ ಮಗಳು ನಿಮಗಿರ್ಲಿ, ಒಬ್ಬಾಕಿನ್ನ ನನಗ ಬಿಟ್ಟು ಹೋಗ್ರಿ” ಎಂದವರು ಈ ದಾನವ್ವ. ಅಂದಿನಿಂದ ಕೈ ಎತ್ತಲಾಗದ ನನಗೆ ತಲೆ ಬಾಚುವವರು, ಹಾಲಿನಲ್ಲಿ ರೊಟ್ಟಿ ನೆನೆಸಿ ಕೊಡುವವರು ಅವರೇ. ಎದುರುಮನೆಯ ಮಲ್ಕಾ ಅಕ್ಕ ನನ್ನ ಬಟ್ಟೆ ಒಗೆಯುತ್ತಾರೆ. ಅವರ ಗಂಡ ವಹಾಬಣ್ಣ ನನ್ನನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಆಟೊ ಎಷ್ಟು ನಿಧಾನವೆಂದರೆ, ಹಿಂದಿನವರು ಹಾರ್ನ್ ಹೊಡೆದರೆ “ಒಳಗ್ ಗಾಜಿನ್ ಸಾಮಾನ್ ಐತೆ ಗುರು” ಎನ್ನುತ್ತಾರೆ. ಇಷ್ಟು ಅಕ್ಕರೆಗೆ ನಾನು ತಕ್ಕವಳಲ್ಲ. ವಿನಯಕ್ಕೆ ಹೇಳುತ್ತಿಲ್ಲ, ಓದು.

ಕೌದಿ ಯಾಕೆಂದು ಕೇಳಿದ್ದಕ್ಕೆ ದಾನವ್ವ, “ನಿನ್ನ ಎದಿ ಇನ್ನೂ ಹಸಿ ಐತಿ ತಂಗಿ, ಸಪ್ಪಳ ಬಡೀಬಾರ್ದು” ಎಂದರು. ನನಗೆ ಅವರ ಮುಖ ನೋಡಲಾಗಲಿಲ್ಲ. ಆ ಸಪ್ಪಳದ ಮೇಲೆ ದೂರು ಬರೆದವಳು ನಾನೇ.

ಆಗಸ್ಟ್‌ನಲ್ಲಿ, ಕಾಯಿಲೆ ಏನೆಂದು ಗೊತ್ತಾಗುವ ಮುಂಚೆ, ಮಲಗಿದರೆ ಉಸಿರು ಕಟ್ಟುತ್ತಿತ್ತು. ನಸುಕಿನಲ್ಲಿ ಕಣ್ಣು ಹತ್ತುವ ಹೊತ್ತಿಗೆ ಗೋಡೆಯಾಚೆ ಅವರು ರೊಟ್ಟಿಗೆ ಕೂರುತ್ತಿದ್ದರು. ಸುತ್ತಲಿನ ರೂಮುಗಳಲ್ಲಿರುವ ನಮ್ಮ ಕಡೆಯವರ ಊಟದ ಡಬ್ಬಿಗಳಿಗೆಲ್ಲ ಅವರದೇ ರೊಟ್ಟಿ. ಬಾಗಿಲು ತಟ್ಟಿ, ಸ್ವಲ್ಪ ತಡವಾಗಿ ಶುರು ಮಾಡಿ ಎನ್ನಬಹುದಿತ್ತು. ನನಗೆ ಎದುರು ನಿಂತು ಮಾತಾಡಲು ಬರುವುದಿಲ್ಲ, ಬರೆಯಲು ಬರುತ್ತದೆ. ಒಂದು ಪುಟ ಬರೆದು, ಹೆಸರು ಹಾಕದೆ, ಮನೆ ಮಾಲೀಕ ನರಸಿಂಹಯ್ಯನವರ ಗೇಟಿನ ಪೆಟ್ಟಿಗೆಯಲ್ಲಿ ಹಾಕಿ ಬಂದೆ. ‘ಸಭ್ಯರು ವಾಸಿಸುವ ವಠಾರ ಖಾನಾವಳಿಯಾಗಿದೆ’ ಎಂದು ಬರೆದಿದ್ದೆ. ಆ ವಾಕ್ಯ ಹಿಡಿಸಿ ಎರಡು ಸಲ ಓದಿಕೊಂಡಿದ್ದೆ. ಅವ್ವನ ರೊಟ್ಟಿಯ ಸಪ್ಪಳಕ್ಕೆ ಎದ್ದು ಶಾಲೆಗೆ ಹೋದವಳು ನಾನು, ಅಕ್ಕಾ.

ನರಸಿಂಹಯ್ಯನವರು ಏನೂ ಮಾಡಲಿಲ್ಲವೆಂದು ನಾನೂ ಮರೆತಿದ್ದೆ. ಅವರು ದಾನವ್ವನ ಬಾಡಿಗೆ ಕರಾರು ಮುಗಿಯಲು ಕಾದಿದ್ದರಷ್ಟೆ. ಕಳೆದ ವಾರ ಬಂದು, “ಬಾಡಿಗೆಯೋರೇ ಇಂಗೆ ಬರ್ದಾಕಿದ್ಮೇಲೆ ನಾನೇನ್ಮಾಡ್ಲಮ್ಮ, ತಿಂಗ್ಳ ಕೊನೇಗೆ ಬೇರೆ ಮನೆ ನೋಡ್ಕೊ” ಎಂದು ದಾನವ್ವನಿಗೆ ಹೇಳಿ ಹೋದರು.

ದಾನವ್ವ ನೇರ ನನ್ನ ಹತ್ತಿರವೇ ಬಂದರು. ಅವರಿಗೆ ಓದು ಬರಹ ಬಾರದು. “ನೀ ಓದಿದಾಕಿ, ಮನಿ ಬಿಡಸಬ್ಯಾಡ್ರಿ ಅಂತ ಮಾಲಕರಿಗೆ ಒಂದ್ ಚೀಟಿ ಬರ್ದು ಕೊಡವ್ವ. ಯಾರೋ ಬರ್ದಾರಂತ, ಅಕ್ಷರ ಮುತ್ತಿನ್ಹಂಗ ಅದಾವಂತ. ಅವರಿಗೂ ಏನ್ ತ್ರಾಸ ಇತ್ತೋ ಏನೋ” ಎಂದರು. ನಾನು ಬರೆದರೆ ನರಸಿಂಹಯ್ಯನವರಿಗೆ ಕೈಬರಹದ ಗುರುತು ಸಿಕ್ಕಿಬಿಡುತ್ತದೆ. ಆಪರೇಷನ್ ಆದ ಮೇಲೆ ಕೈ ನಡುಗುತ್ತದೆ ಎಂದೆ. ನಡುಗುತ್ತಿರಲಿಲ್ಲ. ಅವರು ನಂಬಿ, ಎಣ್ಣೆ ತಂದು, ನನ್ನ ಬೆರಳುಗಳನ್ನು ಒಂದೊಂದಾಗಿ ತಿಕ್ಕಿದರು. ಮತ್ತೆ ಆ ಮಾತು ಎತ್ತಲಿಲ್ಲ. ಇವತ್ತು ದೂರದ ಟಿ. ದಾಸರಹಳ್ಳಿಯಲ್ಲಿ ಮನೆ ನೋಡಲು ಹೋಗಿದ್ದಾರೆ. ಅಷ್ಟು ದೂರ ಹೋದರೆ ಇಲ್ಲಿ ಇಷ್ಟು ವರ್ಷ ಕಟ್ಟಿಕೊಂಡ ಡಬ್ಬಿಯ ಕೆಲಸವೂ ಹೋಗುತ್ತದೆ.

ಫೋನಿನಲ್ಲಿ ಇದನ್ನು ಹೇಳಲು ಬಾಯಿ ಬರಲಿಲ್ಲ. ಅವ್ವನಿಗೆ ಈಗಲೇ ಓದಿ ಹೇಳಬೇಡ. ಅವಳಿಗೆ ನನ್ನ ನಮಸ್ಕಾರ, ಮಾಮನನ್ನು ಕೇಳಿದೆನೆಂದು ಹೇಳು, ಪಾಪುವಿನ ಅಂಗಾಲಿಗೊಂದು ಮುತ್ತು.

ನಿನ್ನ ತಂಗಿ
ರಕ್ಷಾ

ಮತ್ತೊಂದು ಮಾತು: ಲಕೋಟೆ ಅಂಟಿಸುವ ಮುಂಚೆ ಮಾಲೀಕರಿಗೆ ದಾನವ್ವ ಕೇಳಿದ್ದ ಚೀಟಿ ಬರೆದೆ. ಮೊದಲಿನ ದೂರೂ ನನ್ನದೇ, ಅದು ತಪ್ಪು ಎಂದು ಸೇರಿಸಿ ಕೆಳಗೆ ಪೂರ್ತಿ ಹೆಸರು ಹಾಕಿದ್ದೇನೆ. ದಾನವ್ವ ಸಂಜೆ ಬಂದಾಗ ಮೊದಲು ಅವರಿಗೇ ಓದಿ ಹೇಳುತ್ತೇನೆ, ಒಂದು ಸಾಲೂ ಬಿಡದೆ. ನಾಳೆಯಿಂದ ಅವರು ನನ್ನ ಬಾಗಿಲಿಗೆ ಬಾರದಿರಬಹುದು. ಹಾಗಾದರೂ ಅವ್ವನನ್ನು ಕಳಿಸಬೇಡ.