ಅರಿಶಿನದ ಪಿಕಳಾರ

ದೊಡ್ಡಬೆಳವಂಗಲ
೯–೬–೧೯೬೮

ಚಿಕ್ಕಮ್ಮಾ, ಇಲ್ಲಿಂದಲೇ ನಿಮ್ಮ ಕಾಲಿಗೆ ನಮಸ್ಕಾರ.

ನಮ್ಮ ಶಾಲೆಯ ಹೊಸ ಕೋಣೆಗೆ ಚಪ್ಪಡಿ ಬೇಕೆಂದು ನಿನ್ನೆ ಊರವರ ಜೊತೆ ಗುಡ್ಡಕ್ಕೆ ಹೋಗಿದ್ದೆ. ಇಲ್ಲಿ ಬಂಡೆಯ ಮೇಲೆ ಸೌದೆ ಉರಿಸಿ, ಕಾವಿಗೆ ಪದರ ಬಿಟ್ಟ ಕಲ್ಲನ್ನು ಚಪ್ಪಡಿಯಾಗಿ ಎಬ್ಬಿಸುತ್ತಾರೆ. ಅದಕ್ಕೆ ಮುಂಚೆ ಬಂಡೆಗೆ ಅರಿಶಿನ ಹಚ್ಚಿ ಪೂಜೆ. ಕಲ್ಲು ಕೆಲಸದ ಗಂಗುಲಪ್ಪನವರು ಅರಿಶಿನ ಕಲಸುತ್ತಿದ್ದಾಗ ಬಂಡೆಯ ಸಂದಿಯ ಗೂಡಿನಿಂದ ಒಂದು ಹಕ್ಕಿ ಎದ್ದು ಎದುರಿಗೇ ಕೂತಿತು. ಗಾತ್ರ, ಠೀವಿ ಎಲ್ಲ ಮೈಸೂರಿನ ನಮ್ಮ ಹಿತ್ತಿಲಿನ ಪಿಕಳಾರದ್ದೇ. ಆದರೆ ಕರಿ ಜುಟ್ಟಿಲ್ಲ, ಬಾಲದ ಬುಡದಲ್ಲಿ ಕುಂಕುಮವಿಲ್ಲ. ತಲೆ, ಕೊರಳು ಅಚ್ಚ ಹಳದಿ.

ಗಂಗುಲಪ್ಪನವರ ಕೈ ನಿಂತುಬಿಟ್ಟಿತು. "ಸಪ್ಪಲಮ್ಮ ತಾಯಿ ಆಗ್ಲೇ ಅರಿಶಿನ ಹಚ್ಕೊಂಡು ಕೂತವ್ಳೆ ಮೇಡಮ್ಮೋರೇ. ಪೂಜೆ ಆಗೋಗಿರೋ ಬಂಡೆ, ಮುಟ್ಟಂಗಿಲ್ಲ" ಎಂದು ಸೌದೆಯನ್ನೆಲ್ಲ ಎತ್ತಿಸಿಬಿಟ್ಟರು. ಬೇರೆ ಬಂಡೆ ಸಿಗುವವರೆಗೆ ಮಕ್ಕಳಿಗೆ ಹೊಂಗೆಮರದ ನೆರಳೇ ಶಾಲೆ. ಊರಲ್ಲಿ ಒಬ್ಬರೂ ಗೊಣಗಲಿಲ್ಲ. ಇಂಥವರಿಗೆ ಎಷ್ಟು ಕೈಮುಗಿದರೆ ತಾನೆ ಸಾಕು!

ಹಿತ್ತಿಲಲ್ಲಿ ನಿಮ್ಮ ಪಪ್ಪಾಯಿಗೆ ಬಾಯಿ ಹಾಕುವ ಆ ಕರಿ ಜುಟ್ಟಿನವಳಿಗೆ ಊರೂರಲ್ಲೂ ಮನೆಯಿದೆ. ಅವಳ ಈ ತಂಗಿ ಬಂಡೆಗುಡ್ಡ ಬಿಟ್ಟು ಕೆಳಗಿಳಿಯುವುದೇ ಇಲ್ಲವಂತೆ. ಗುಡ್ಡಗಳು ಚಪ್ಪಡಿಯಾಗುತ್ತ ಬಂದ ಹಾಗೆ ಇವಳೂ ಅಪರೂಪವಾದಳಂತೆ.

ನನ್ನ ನೆಗಡಿ ಬಿಟ್ಟಿದೆ, ಇಲ್ಲಿಯ ನೀರು ಒಗ್ಗಿದೆ. ಟಪಾಲಿನವರು ಸೈಕಲ್ ಹಿಡಿದು ಕಾಯುತ್ತಿದ್ದಾರೆ. ಕಾರ್ಡಿನ ಮೂಲೆಯಲ್ಲಿ ಅರಿಶಿನ ಕಂಡು ನನ್ನ ಮದುವೆ ಗೊತ್ತಾಯಿತೆಂದು ಗಾಬರಿಯಾಗಬೇಡಿ. ಆ ಬಂಡೆಗೆ ಹಚ್ಚದೆ ಉಳಿದದ್ದು ಅದು.

ನಿಮ್ಮ
ಕಮಲಾಕ್ಷಿ